ವೇಗವೋ ದೂರವೋ ಖುಷಿಯೋ: ಹೊಸದಾಗಿ ಓಡಲು ಶುರು ಮಾಡಿದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ ಬೆಳಿಗ್ಗೆ ಓಡುವವರಲ್ಲಿ ನಾನೂ ಒಬ್ಬಳು. ನಲವತ್ತೊಂದನೇ ವಯಸ್ಸಿನಲ್ಲಿ ಶುರು ಮಾಡಿದೆ. ಈಗ ಎಂಟು ವರ್ಷವಾಯಿತು. ಮಕ್ಕಳ ಡಬ್ಬಿ, ಆಫೀಸು, ಮನೆಕೆಲಸ ಎಲ್ಲದರ ನಡುವೆ ವಾರಕ್ಕೆ ಮೂರೋ ನಾಲ್ಕೋ ದಿನ ಓಡುತ್ತೇನೆ. ನಾನು ಕೋಚ್ ಅಲ್ಲ, ಡಾಕ್ಟರೂ ಅಲ್ಲ. ಆದರೆ ಹೊಸದಾಗಿ ಬಂದವರು ಏರಿ ಮೇಲೆ ನಿಲ್ಲಿಸಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ಎಷ್ಟು ಸ್ಪೀಡ್? ಎಷ್ಟು ದೂರ? ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ಅಕ್ಕಾ, ಇದು ಖುಷಿ ಕೊಡೋದು ಯಾವಾಗ?"

ಈ ಮೂರರಲ್ಲಿ ಕೊನೆಯ ಪ್ರಶ್ನೆಯನ್ನೇ ಮೊದಲು ಕೇಳಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ. ಕೆಳಗಿನ ಉತ್ತರಗಳೆಲ್ಲ ಆ ನಂಬಿಕೆಯಿಂದಲೇ ಬಂದವು.

ನನಗೆ 45 ದಾಟಿದೆ. ಈಗ ಶುರು ಮಾಡಿದರೆ ತಡವಾಯಿತಾ?

ಇಲ್ಲ. ಐವತ್ತು, ಅರವತ್ತರಲ್ಲಿ ಶುರು ಮಾಡಿದವರೂ ನಮ್ಮ ಕೆರೆ ಹತ್ತಿರ ಇದ್ದಾರೆ. ಬಿಪಿ, ಶುಗರ್, ಹೃದಯದ ತೊಂದರೆ ಇದ್ದರೆ ಮಾತ್ರ ಮೊದಲು ಡಾಕ್ಟರನ್ನು ಕಂಡು ಬನ್ನಿ. ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗೆ ಆಗುತ್ತಿದ್ದರೆ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹಾರ್ಟ್ ಅಟ್ಯಾಕ್ ಆಗಿದ್ದರೆ, ಆಗಲೂ ಅಷ್ಟೇ. ಇದನ್ನು ಮುಂದೂಡಬೇಡಿ.

ವರ್ಷಗಟ್ಟಲೆ ಕೂತೇ ಕೆಲಸ ಮಾಡಿದವರು ಮೊದಲ ಮೂರು ನಾಲ್ಕು ವಾರ ಬರೀ ನಡೆಯಿರಿ. ಅರ್ಧ ಗಂಟೆ ಬಿರುಸಾಗಿ ನಡೆದು ಮನೆಗೆ ಬಂದ ಮೇಲೆ ಸೋಫಾ ಹುಡುಕದೆ ಮಾಮೂಲಿ ಕೆಲಸಕ್ಕೆ ಕೈ ಹಾಕುವಂತಾದರೆ ಓಟಕ್ಕೆ ಕಾಲು ರೆಡಿಯಾಗಿದೆ ಎಂದು ತಿಳಿಯಿರಿ.

ಮೊದಲ ದಿನ ಎಷ್ಟು ಕಿಲೋಮೀಟರ್ ಓಡಲಿ?

ಕಿಲೋಮೀಟರ್ ಲೆಕ್ಕ ಸದ್ಯಕ್ಕೆ ಬಿಡಿ. ನಿಮಿಷದ ಲೆಕ್ಕ ಇಟ್ಟುಕೊಳ್ಳಿ.

ಐದು ನಿಮಿಷ ನಡೆಯಿರಿ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಏಳು ಸಲ. ಕೊನೆಗೆ ಇನ್ನೈದು ನಿಮಿಷ ನಡೆದು ಮನೆಗೆ ಹೋಗಿ. ಒಟ್ಟು ಅರ್ಧ ಗಂಟೆ ಚಿಲ್ಲರೆ. ಅದರಲ್ಲಿ ಓಡಿದ್ದು ಏಳೇ ನಿಮಿಷ. "ಇಷ್ಟೇನಾ?" ಅನ್ನಿಸಬೇಕು. ಇನ್ನೂ ಸ್ವಲ್ಪ ಓಡಬಹುದಿತ್ತು ಎಂದು ಮನಸ್ಸು ಹೇಳುವಾಗಲೇ ನಿಲ್ಲಿಸಿದರೆ ನಾಳಿದ್ದು ಮತ್ತೆ ಬರಲು ಮನಸ್ಸಾಗುತ್ತದೆ. ಅದೇ ವಾರ ಇನ್ನೆರಡು ಸಲ ಇಷ್ಟನ್ನೇ ಮಾಡಿ. ಸುಲಭ ಅನ್ನಿಸಿದ ಮೇಲೆ ಓಟವನ್ನು ಒಂದೂವರೆ ನಿಮಿಷ ಮಾಡಿ, ನಂತರ ಎರಡು ಮಾಡಿ.

ನಡುವೆ ನಡೆಯುವುದು ಸೋಲು ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಅಮೆರಿಕದ ಜೆಫ್ ಗ್ಯಾಲೋವೇ ಮುಂದೆ ಸಾವಿರಾರು ಜನರಿಗೆ ಕಲಿಸಿದ್ದು ಇದನ್ನೇ: ಓಡು, ಸುಸ್ತಾಗುವ ಮೊದಲೇ ನಡೆ, ಮತ್ತೆ ಓಡು. ಈ ಪದ್ಧತಿಯಲ್ಲಿ ಜನ ಪೂರ್ತಿ ಮ್ಯಾರಥಾನ್ ಮುಗಿಸುತ್ತಾರೆ. "ಸುಸ್ತಾಗುವ ಮೊದಲೇ" ಅನ್ನುವುದು ಇಲ್ಲಿ ಮುಖ್ಯ. ಏದುಸಿರು ಬಂದ ಮೇಲೆ ನಡೆದರೆ ಅದು ಬರೀ ಸುಧಾರಿಸಿಕೊಳ್ಳುವುದಾಯಿತು.

'ಪೇಸ್' ಅಂತಾರಲ್ಲ, ಹಾಗಂದ್ರೆ ಏನು?

ಒಂದು ಕಿಲೋಮೀಟರ್ ಓಡಲು ಎಷ್ಟು ನಿಮಿಷ ಬೇಕು ಅನ್ನುವುದೇ ಪೇಸ್. ಸ್ಕೂಟರ್‌ನಲ್ಲಿ ಗಂಟೆಗೆ ಎಷ್ಟು ಕಿಲೋಮೀಟರ್ ಎಂದು ನೋಡುತ್ತೇವೆ. ಓಟದಲ್ಲಿ ಲೆಕ್ಕ ತಿರುಗುಮುರುಗು. ಹಾಗಾಗಿ ಸಂಖ್ಯೆ ಚಿಕ್ಕದಾದಷ್ಟೂ ವೇಗ ಜಾಸ್ತಿ. 8 ನಿಮಿಷದ ಪೇಸ್ ಅಂದರೆ ಗಂಟೆಗೆ 7.5 ಕಿ.ಮೀ. ಆ ಲೆಕ್ಕದಲ್ಲಿ 5 ಕಿ.ಮೀ.ಗೆ 40 ನಿಮಿಷ. 10 ನಿಮಿಷದ ಪೇಸ್ ಅಂದರೆ ಗಂಟೆಗೆ 6 ಕಿ.ಮೀ., ಅದು ಒಳ್ಳೆ ಬಿರುಸಿನ ನಡಿಗೆ. ಟ್ರೆಡ್‌ಮಿಲ್ ಗಂಟೆಯ ಲೆಕ್ಕ ತೋರಿಸಿದರೆ 60ನ್ನು ಆ ಸಂಖ್ಯೆಯಿಂದ ಭಾಗಿಸಿ, ಪೇಸ್ ಸಿಗುತ್ತದೆ.

ಹಾಗಾದರೆ ನನಗೆ ಸರಿಯಾದ ಪೇಸ್ ಯಾವುದು?

ನಾನು ಶುರು ಮಾಡಿದ ಎರಡನೇ ವಾರದಲ್ಲಿ ಇದನ್ನು ಕಲಿಸಿದವರು ಒಬ್ಬ ನಿವೃತ್ತ ಗಣಿತದ ಮೇಷ್ಟ್ರು. ಬಿಳಿ ಬನಿಯನ್, ಖಾಕಿ ಚಡ್ಡಿ, ಕೈಯಲ್ಲೊಂದು ಕೊಡೆ. ನಡೆಯಲು ಬರುತ್ತಿದ್ದರು. ನಾನು ಬಾಯಿ ಬಿಟ್ಟುಕೊಂಡು, ಮುಖ ಕೆಂಪಾಗಿ ಅವರನ್ನು ದಾಟಿ ಹೋಗುತ್ತಿದ್ದೆ. ಇನ್ನೂರು ಹೆಜ್ಜೆ ಆಚೆ ಸೊಂಟ ಹಿಡಿದು ನಿಲ್ಲುತ್ತಿದ್ದೆ. ಅವರು ನಿಧಾನವಾಗಿ ಬಂದು ನನ್ನನ್ನು ದಾಟುತ್ತಿದ್ದರು. ಮೂರನೇ ಸಲ ಹೀಗಾದಾಗ ನಿಂತು ಕೇಳಿದರು, "ಏನಮ್ಮಾ, ಏಳರ ಮಗ್ಗಿ ಬರುತ್ತಾ?"

ಬರುತ್ತೆ ಸಾರ್ ಅಂದೆ.

"ಹಾಗಾದ್ರೆ ಜೋರಾಗಿ ಹೇಳ್ಕೊಂಡು ಓಡು. ಮಗ್ಗಿ ತುಂಡಾದ ಕಡೆ ಸ್ಪೀಡ್ ಕಡಿಮೆ ಮಾಡು."

ಓಡುತ್ತಾ ಹೇಳಿ ನೋಡಿದೆ. "ಏಳೊಂದ್ಲ ಏಳು, ಏಳೆರಡ್ಲ..." ಅಷ್ಟಕ್ಕೇ ಉಸಿರು ನಿಂತಿತು. ಮತ್ತೆ ನಿಧಾನ ಮಾಡಿದೆ. ಇನ್ನೂ ನಿಧಾನ ಮಾಡಿದೆ. ಕಾಲು ನೆಲಕ್ಕೆ ತಾಗಿಯೂ ತಾಗದ ಹಾಗೆ, ಚಿಕ್ಕ ಚಿಕ್ಕ ಹೆಜ್ಜೆ ಇಟ್ಟಾಗ ಒಂದೇ ಉಸಿರಿಗೆ ಇಪ್ಪತ್ತೊಂದರವರೆಗೆ ಬಂತು. ಅವತ್ತು ಮೊದಲ ಸಲ ನಿಲ್ಲದೆ ಐದು ನಿಮಿಷ ಓಡಿದೆ.

ಇವತ್ತಿಗೂ ನಾನು ಹೊಸಬರಿಗೆ ಹೇಳುವುದು ಇದೇ ಪರೀಕ್ಷೆ. ಒಂದೇ ಉಸಿರಿಗೆ ಎರಡು ಮೂರು ಸಾಲು ಮಗ್ಗಿ ಆರಾಮವಾಗಿ ಬಂದರೆ ಪೇಸ್ ಸರಿ ಇದೆ. ಪ್ರತಿ ಸಾಲಿಗೂ ಉಸಿರು ಎಳೆಯಬೇಕಾದರೆ ಜಾಸ್ತಿಯಾಯಿತು. ಹಾಡು ಪೂರ್ತಿ ಹೇಳುವಷ್ಟು ಉಸಿರಿದ್ದರೆ ಸ್ವಲ್ಪ ಮುಂದೆ ಹೋಗಬಹುದು. ಮಗ್ಗಿ ಬೇಡವೆಂದರೆ ಜೊತೆಯವರ ಹತ್ತಿರ ಮಾತಾಡಿ. ಪೂರ್ತಿ ವಾಕ್ಯ ಬರಬೇಕು, ಬರೀ "ಹೂಂ", "ಹಾಂ" ಬಂದರೆ ನಿಧಾನ ಮಾಡಿ. ಪ್ರಪಂಚದೆಲ್ಲೆಡೆ ಕೋಚ್‌ಗಳು ಬಳಸುವ ಮಾತಿನ ಪರೀಕ್ಷೆ ಇದೇ. ಇದರ ದೊಡ್ಡ ಗುಣ ಏನೆಂದರೆ ನಿದ್ದೆ ಕೆಟ್ಟ ದಿನ, ಸೆಕೆ ಇರುವ ದಿನ, ನೆಗಡಿ ಬರುವ ಹಿಂದಿನ ದಿನ, ಎಲ್ಲಕ್ಕೂ ತಾನೇ ಹೊಂದಿಕೊಳ್ಳುತ್ತದೆ. ವಾಚಿನ ಸಂಖ್ಯೆಗೆ ಅದು ಗೊತ್ತಾಗುವುದಿಲ್ಲ.

ಅಷ್ಟು ನಿಧಾನ ಓಡಿದರೆ ನಾಚಿಕೆ ಆಗುತ್ತೆ. ನಡೆಯುವವರೇ ನನ್ನನ್ನು ದಾಟಿ ಹೋಗ್ತಾರೆ.

ದಾಟಲಿ ಬಿಡಿ. ಎರಡೂ ಕಾಲು ಒಂದು ಕ್ಷಣ ನೆಲ ಬಿಟ್ಟಿದ್ದರೆ ಅದು ಓಟ. ನಡಿಗೆಯಲ್ಲಿ ಒಂದು ಕಾಲು ಯಾವಾಗಲೂ ನೆಲದ ಮೇಲೇ ಇರುತ್ತದೆ. ವ್ಯತ್ಯಾಸ ಇರುವುದು ಅಲ್ಲಿ. ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ.

ನಿಧಾನ ಓಟ ಸುಮ್ನೆ ಹೊತ್ತು ಕಳೆಯುವುದಲ್ಲ. ದೇಹದ ಒಳಗೆ ಆಗಬೇಕಾದ ಕೆಲಸ ಆಗುವುದೇ ಅಲ್ಲಿ. ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುವುದನ್ನು ಕಲಿಯುತ್ತದೆ. ಸ್ನಾಯುಗಳ ಒಳಗೆ ಕೂದಲಿನಂಥ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಕೊಬ್ಬನ್ನು ಉರಿಸಿ ಶಕ್ತಿ ಮಾಡಿಕೊಳ್ಳುವ ಅಭ್ಯಾಸ ಬೆಳೆಯುತ್ತದೆ. ಇದಕ್ಕೆಲ್ಲ ಬೇಕಾಗಿರುವುದು ಹೊತ್ತು. ಏದುಸಿರು ಬಿಟ್ಟು ಎಂಟು ನಿಮಿಷ ಓಡಿದವರಿಗಿಂತ ಮಗ್ಗಿ ಹೇಳಿಕೊಂಡು ಮೂವತ್ತು ನಿಮಿಷ ಓಡಿದವರ ದೇಹಕ್ಕೆ ಆ ಹೊತ್ತು ಸಿಗುತ್ತದೆ.

ಇನ್ನೊಂದು ಕಾರಣ ನನಗೆ ಇದಕ್ಕಿಂತಲೂ ಮುಖ್ಯ ಅನ್ನಿಸುತ್ತದೆ. ಉಸಿರು ಬೇಗ ಸುಧಾರಿಸುತ್ತದೆ. ಕೆಲವೇ ವಾರ ಸಾಕು. ಸ್ನಾಯುಗಳೂ ಬೇಗ ಬಲಿಯುತ್ತವೆ. ಆದರೆ ಎಲುಬು, ಸ್ನಾಯುವನ್ನು ಎಲುಬಿಗೆ ಕಟ್ಟಿರುವ ಸ್ನಾಯುರಜ್ಜು, ಇವು ಗಟ್ಟಿಯಾಗಲು ತಿಂಗಳುಗಳು ಬೇಕು. ಹೊಸಬರಿಗೆ ಎರಡನೇ ಮೂರನೇ ತಿಂಗಳಲ್ಲಿ ಪೆಟ್ಟಾಗುವುದು ಇದೇ ಅಂತರದಿಂದ. ಎದೆ "ಓಡು" ಅನ್ನುತ್ತದೆ, ಕಾಲು ಇನ್ನೂ ತಯಾರಾಗಿರುವುದಿಲ್ಲ.

ವೇಗ ಮೊದಲು ಹೆಚ್ಚಿಸಲಾ, ದೂರ ಮೊದಲಾ?

ಮೊದಲು ದಿನ, ಆಮೇಲೆ ಹೊತ್ತು, ಕೊನೆಗೆ ವೇಗ.

ಅಂದರೆ ವಾರಕ್ಕೆ ಮೂರು ದಿನ ತಪ್ಪದೆ ಹೊರಗೆ ಹೋಗುವುದು ರೂಢಿಯಾಗಲಿ. ಅದು ಹಲ್ಲುಜ್ಜಿದಷ್ಟು ಸಹಜವಾದ ಮೇಲೆ ಒಂದೊಂದು ದಿನದ ಓಟ ಸ್ವಲ್ಪ ಸ್ವಲ್ಪ ಉದ್ದವಾಗಲಿ. ವೇಗವನ್ನು ಮುಟ್ಟಲೇ ಬೇಡಿ. ಮೂರು ನಾಲ್ಕು ತಿಂಗಳಲ್ಲಿ ಅದೇ ಮಗ್ಗಿ, ಅದೇ ಉಸಿರಿನಲ್ಲಿ, ಮೊದಲಿಗಿಂತ ಬೇಗ ಸುತ್ತು ಮುಗಿದಿರುತ್ತದೆ. ಆ ವೇಗ ನೀವು ಕಿತ್ತುಕೊಂಡಿದ್ದಲ್ಲ, ತಾನಾಗಿ ಬಂದಿದ್ದು. ಅದಕ್ಕೇ ಉಳಿಯುತ್ತದೆ.

ದೂರ, ವೇಗ ಎರಡನ್ನೂ ಒಂದೇ ವಾರದಲ್ಲಿ ಹೆಚ್ಚಿಸಬೇಡಿ. ಇದೊಂದನ್ನು ನಾನು ಯಾರಿಗೂ ರಿಯಾಯಿತಿ ಕೊಡದೆ ಹೇಳುತ್ತೇನೆ.

ವಾರಕ್ಕೆ ಎಷ್ಟು ದಿನ?

ಮೂರು. ಒಂದು ದಿನ ಬಿಟ್ಟು ಒಂದು ದಿನ. ನಡುವಿನ ದಿನ ನಡೆಯಿರಿ, ಯೋಗ ಮಾಡಿ, ಸುಮ್ಮನಿರಿ. ಕಾಲು ಗಟ್ಟಿಯಾಗುವುದು ಓಡುವಾಗ ಅಲ್ಲ, ಓಡಿದ ಮೇಲಿನ ನಿದ್ದೆಯಲ್ಲಿ.

ದೂರವನ್ನು ವಾರಕ್ಕೆ ಎಷ್ಟು ಹೆಚ್ಚಿಸಬಹುದು?

ವಾರಕ್ಕೆ ಶೇ. 10ಕ್ಕಿಂತ ಜಾಸ್ತಿ ಏರಿಸಬೇಡಿ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಅದು ಒಂದು ಅಂದಾಜು ಅಷ್ಟೇ. ವಾರಕ್ಕೆ 6 ಕಿ.ಮೀ. ಓಡುವವರಿಗೆ ಶೇ. 10 ಅಂದರೆ 600 ಮೀಟರ್, ಅದು ತೀರ ಕಮ್ಮಿ ಅನ್ನಿಸಬಹುದು. 60 ಕಿ.ಮೀ. ಓಡುವವರಿಗೆ 6 ಕಿ.ಮೀ. ಆಯಿತು, ಅದು ಜಾಸ್ತಿಯೂ ಆಗಬಹುದು. ನಾನು ಮಾಡುವುದು ಹೀಗೆ: ಮೂರು ಓಟಗಳಲ್ಲಿ ಒಂದನ್ನು ಮಾತ್ರ ಐದು ನಿಮಿಷ ಉದ್ದ ಮಾಡುತ್ತೇನೆ, ಉಳಿದೆರಡು ಹಾಗೇ ಇರುತ್ತವೆ. ಮೂರು ವಾರ ಏರಿಸಿದ ಮೇಲೆ ನಾಲ್ಕನೇ ವಾರ ಇಳಿಸುತ್ತೇನೆ.

ಈ ನಾಲ್ಕನೇ ವಾರದ ಬೆಲೆ ನನಗೆ ಗೊತ್ತಾಗಿದ್ದು ನೋವಿನಿಂದ. ಶುರು ಮಾಡಿದ ನಾಲ್ಕನೇ ತಿಂಗಳಲ್ಲಿ ಪರಿಚಯದವರ ಒಂದು ವಾಟ್ಸಾಪ್ ಗುಂಪಿನಲ್ಲಿ ಸವಾಲು ಹಾಕಿದರು: ಮೂವತ್ತು ದಿನ, ದಿನಕ್ಕೆ 5 ಕಿ.ಮೀ. ನಾನು ಅಲ್ಲಿಯವರೆಗೆ ಓಡುತ್ತಿದ್ದುದು ವಾರಕ್ಕೆ ಮೂರು ದಿನ, ಒಂದು ಸಲಕ್ಕೆ 3 ಕಿ.ಮೀ. ಅಂದರೆ ವಾರಕ್ಕೆ 9ರಿಂದ ಒಮ್ಮೆಗೇ 35ಕ್ಕೆ ಹಾರಿದೆ. ಮೊದಲ ವಾರ ಖುಷಿಯೋ ಖುಷಿ. ದಿನಾ ಫೋಟೋ, ದಿನಾ ಚಪ್ಪಾಳೆ. ಒಂಬತ್ತನೇ ದಿನ ಮಂಡಿಯ ಕೆಳಗೆ, ಕಾಲಿನ ಎಲುಬಿನ ಒಳಅಂಚಿನಲ್ಲಿ ಸಣ್ಣಗೆ ನೋವು. ಓಡುತ್ತಾ ಓಡುತ್ತಾ ಮಾಯವಾಯಿತು, ಹಾಗಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹದಿಮೂರನೇ ದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಅಡುಗೆಮನೆಗೆ ಹೋಗಲು ಗೋಡೆ ಹಿಡಿಯಬೇಕಾಯಿತು. ಬೆರಳಿಂದ ಒತ್ತಿದರೆ ಜೀವ ಹೋದ ಹಾಗೆ. ಓಟಗಾರರು ಶಿನ್ ಸ್ಪ್ಲಿಂಟ್ ಅನ್ನುವ ನೋವು ಅದು. ಫಿಸಿಯೋ ಆರು ವಾರ ಓಡಬೇಡಿ ಎಂದರು. ಆ ಆರು ವಾರ ಕೆರೆ ಕಡೆಯ ರಸ್ತೆಯಲ್ಲಿ ಹೋಗಲೂ ಮನಸ್ಸಾಗುತ್ತಿರಲಿಲ್ಲ. ಕಾಲಿನ ನೋವಿಗಿಂತ ಅದು ದೊಡ್ಡದು.

ಯಾವ ನೋವು ಮಾಮೂಲಿ, ಯಾವುದಕ್ಕೆ ಹೆದರಬೇಕು?

ಎರಡೂ ತೊಡೆ, ಎರಡೂ ಮೀನಖಂಡ ಸಮನಾಗಿ ಬಿಗಿದುಕೊಂಡು, ಒಂದೆರಡು ದಿನದಲ್ಲಿ ಬಿಟ್ಟರೆ ಮಾಮೂಲಿ. ಒಂದೇ ಕಾಲಿನಲ್ಲಿ, ಬೆರಳಿಟ್ಟು ತೋರಿಸುವಂಥ ಜಾಗದಲ್ಲಿ ನೋವಿದ್ದರೆ ಹುಷಾರು. ಓಡುತ್ತಾ ಹೋದಂತೆ ಜಾಸ್ತಿಯಾದರೆ, ಕುಂಟುವಂತಾದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಓಟ ನಿಲ್ಲಿಸಿ ಡಾಕ್ಟರಿಗೋ ಫಿಸಿಯೋಗೋ ತೋರಿಸಿ. ಎದೆನೋವು, ತಲೆಸುತ್ತು, ಕಣ್ಣು ಕತ್ತಲೆ ಬಂದರೆ ಅಲ್ಲೇ ನಿಲ್ಲಿ, ಜೊತೆಯಲ್ಲಿರುವವರನ್ನು ಕೂಗಿ, ಸೀದಾ ಆಸ್ಪತ್ರೆಗೆ ಹೋಗಿ.

ಪಕ್ಕೆ ಹಿಡಿಯುವುದು ಬೇರೆ. ಅದಕ್ಕೆ ಹೆದರಬೇಡಿ. ನಡೆಯುತ್ತಾ ನಿಧಾನವಾಗಿ ಉಸಿರು ಬಿಟ್ಟರೆ ಹೋಗುತ್ತದೆ.

ವಾಚು, ಆಪ್ ಬೇಕಾ?

ಬೇಕಾದರೆ ಇಟ್ಟುಕೊಳ್ಳಿ, ಆದರೆ ಓಡುವಾಗ ನೋಡಬೇಡಿ. ನಾನು ವಾಚನ್ನು ಮಣಿಕಟ್ಟಿನ ಒಳಗಡೆಗೆ ತಿರುಗಿಸಿ ಕಟ್ಟುತ್ತೇನೆ. ಮನೆಗೆ ಬಂದು ಕಾಫಿ ಕುಡಿಯುವಾಗ ನೋಡುತ್ತೇನೆ.

ಜಿಪಿಎಸ್ ಸಂಖ್ಯೆಯನ್ನು ಜಾಸ್ತಿ ನಂಬಲೂ ಬೇಡಿ. ಬೆಂಗಳೂರಿನ ಕಬ್ಬನ್ ಪಾರ್ಕಿನಂಥ ದಟ್ಟ ಮರಗಳ ಕೆಳಗೆ, ಎತ್ತರದ ಕಟ್ಟಡಗಳ ನಡುವೆ ಅದು ಆಚೀಚೆ ಆಗುತ್ತದೆ. ಆ ಕ್ಷಣದ ಪೇಸ್ ಅಂತೂ ಒಂದೇ ಸಮನೆ ಕುಣಿಯುತ್ತಿರುತ್ತದೆ. ದೂರ ಸರಿಯಾಗಿ ಗೊತ್ತಾಗಬೇಕೆಂದರೆ ಯಾವತ್ತಾದರೂ ಸ್ಟೇಡಿಯಂ ಟ್ರ್ಯಾಕ್‌ನಲ್ಲಿ ಓಡಿ. ಒಳಗಿನ ಮೊದಲ ಲೇನ್ ಒಂದು ಸುತ್ತಿಗೆ 400 ಮೀಟರ್. ಹನ್ನೆರಡೂವರೆ ಸುತ್ತು ಅಂದರೆ 5 ಕಿ.ಮೀ. ಎಂಟನೇ ಲೇನ್‌ನಲ್ಲಿ ಓಡಿದರೆ ಪ್ರತಿ ಸುತ್ತಿಗೂ ಸುಮಾರು 50 ಮೀಟರ್ ಜಾಸ್ತಿ, ಅದನ್ನು ಮರೆಯಬೇಡಿ.

ಆಪ್‌ನಲ್ಲಿ ಬೇರೆಯವರ ಓಟ ಕಂಡು ಹೊಟ್ಟೆಯಲ್ಲಿ ಕಸಿವಿಸಿ ಆಗುತ್ತಿದ್ದರೆ ಮೂರು ತಿಂಗಳು ಆಪ್ ತೆಗೆದುಹಾಕಿ. ಗೋಡೆಯ ಕ್ಯಾಲೆಂಡರ್ ಮೇಲೆ ಓಡಿದ ದಿನಕ್ಕೆ ಒಂದು ಸುತ್ತು ಹಾಕಿ, ಪಕ್ಕದಲ್ಲಿ ನಿಮಿಷ ಬರೆಯಿರಿ. ನಮ್ಮ ಮನೆ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕ ನನ್ನ ಓಟದ ಲೆಕ್ಕ ಇದೆ.

ಹೃದಯ ಬಡಿತ ನೋಡಿಕೊಂಡು ಓಡಬೇಕಾ?

220ರಿಂದ ವಯಸ್ಸು ಕಳೆದರೆ ಗರಿಷ್ಠ ಬಡಿತ ಎಂಬ ಲೆಕ್ಕ ಇದೆ. ಅದು ಸರಾಸರಿ. ನಿಮ್ಮದು ಅದಕ್ಕಿಂತ ಹತ್ತು ಹನ್ನೆರಡು ಆಚೀಚೆ ಇರುವುದು ಸಾಮಾನ್ಯ. ಮಗ್ಗಿ ಸಾಕು. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಡಾಕ್ಟರನ್ನು ಕೇಳಿ. ಕೆಲವು ಮಾತ್ರೆಗಳು ಬಡಿತವನ್ನೇ ತಗ್ಗಿಸುತ್ತವೆ, ಆಗ ವಾಚಿನ ಲೆಕ್ಕ ಕೈಕೊಡುತ್ತದೆ.

ಗಂಡನ ಜೊತೆ ಓಡೋಕೆ ಹೋದರೆ ಅವರು ಮುಂದೆ ಹೋಗಿಬಿಡ್ತಾರೆ. ಏನು ಮಾಡಲಿ?

ನಮ್ಮ ಯಜಮಾನರೂ ಹಾಗೇ. ಅವರು ಆರೂವರೆ ಪೇಸ್‌ನಲ್ಲಿ ಓಡುತ್ತಾರೆ, ನಾನು ಎಂಟರಲ್ಲಿ. ಮೊದಲು ಅವರ ಜೊತೆ ಹೋಗಲು ಏದುಸಿರು ಬಿಡುತ್ತಿದ್ದೆ. ಅವರು ನನಗೋಸ್ಕರ ನಿಧಾನ ಮಾಡಿ ಹಿಂದೆ ತಿರುಗಿ ನೋಡುತ್ತಿದ್ದರು. ಇಬ್ಬರಿಗೂ ಬೇಜಾರು. ಈಗ ಸಮಯ ಹಂಚಿಕೊಂಡಿದ್ದೇವೆ. ಇಬ್ಬರೂ ಹದಿನೈದು ನಿಮಿಷ ತಮ್ಮ ತಮ್ಮ ವೇಗದಲ್ಲಿ ಹೋಗಿ, ಅಲ್ಲಿಂದ ತಿರುಗಿ ಬರುತ್ತೇವೆ. ಅವರು ಹೆಚ್ಚು ದೂರ ಹೋಗಿರುತ್ತಾರೆ, ನಾನು ಕಮ್ಮಿ. ಹೊರಟ ಜಾಗಕ್ಕೆ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತೇವೆ. ಆಮೇಲೆ ಹತ್ತು ನಿಮಿಷ ಜೊತೆಯಲ್ಲಿ ನಡೆದು ಮನೆಗೆ. ದಿನದಲ್ಲಿ ನಾವಿಬ್ಬರೂ ಫೋನಿಲ್ಲದೆ ಮಾತಾಡುವುದು ಆಗಲೇ.

ಗುಂಪಿನ ಜೊತೆ ಓಡುವವರಿಗೂ ಇದೇ ಮಾತು. ಗುಂಪಿದ್ದರೆ ಬೆಳಿಗ್ಗೆ ಏಳಲು ಮನಸ್ಸು ಬರುತ್ತದೆ, ಅದು ದೊಡ್ಡ ಲಾಭ. ಆದರೆ ನಿಮ್ಮ ಗುಂಪಿನಲ್ಲಿ ನಿಮಗಿಂತ ನಿಧಾನ ಓಡುವವರು ಒಬ್ಬರಾದರೂ ಇರಲಿ.

ಬೆಂಗಳೂರಿನಲ್ಲಿ ಆರಾಮವಾಗಿ ಓಡ್ತಿದ್ದೆ. ಮಂಗಳೂರಿಗೆ ಬಂದ ಮೇಲೆ ಆಗ್ತಾನೇ ಇಲ್ಲ. ಯಾಕೆ?

ನಿಮ್ಮ ತಪ್ಪಲ್ಲ, ಸೆಕೆಯದು. ಬೆಂಗಳೂರು ಸಮುದ್ರ ಮಟ್ಟಕ್ಕಿಂತ 900 ಮೀಟರ್ ಎತ್ತರದಲ್ಲಿದೆ, ಬೆಳಿಗ್ಗೆ ತಂಪು. ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆರುವುದಿಲ್ಲ. ಬೆವರು ಆರಿದರೆ ತಾನೆ ಮೈ ತಣ್ಣಗಾಗುವುದು? ಮೈ ತಣ್ಣಗಾಗದಿದ್ದಾಗ ಹೃದಯ ಚರ್ಮದ ಕಡೆಗೂ ಹೆಚ್ಚು ರಕ್ತ ಕಳಿಸಬೇಕು, ಕಾಲಿನ ಸ್ನಾಯುಗಳಿಗೂ ಕಳಿಸಬೇಕು. ಅದೇ ಪೇಸ್ ದುಪ್ಪಟ್ಟು ಕಷ್ಟ ಅನ್ನಿಸುವುದು ಅದಕ್ಕೇ. ಕಿಲೋಮೀಟರಿಗೆ ಒಂದು ನಿಮಿಷ ನಿಧಾನವಾದರೂ ಪರವಾಗಿಲ್ಲ. ಒಂದೆರಡು ವಾರದಲ್ಲಿ ದೇಹ ಹೊಂದಿಕೊಳ್ಳಲು ಶುರು ಮಾಡುತ್ತದೆ.

ಕಲಬುರಗಿ, ರಾಯಚೂರು ಕಡೆಯವರು ಏಪ್ರಿಲ್, ಮೇನಲ್ಲಿ ಸೂರ್ಯ ಹುಟ್ಟುವ ಮೊದಲೇ ಮುಗಿಸಿ. ಓಡುವಾಗ ಚಳಿ ಚಳಿ ಅನ್ನಿಸಿದರೆ, ತಲೆ ಮಂಕಾದರೆ ನೆರಳಿಗೆ ಹೋಗಿ, ಕೂತುಕೊಳ್ಳಿ, ತಲೆಗೆ ಕತ್ತಿಗೆ ನೀರು ಹಾಕಿಕೊಳ್ಳಿ. ಅವತ್ತಿನ ಓಟ ಅಲ್ಲಿಗೆ ಮುಗಿಯಿತು.

ಶೂ, ಬಟ್ಟೆಗೆ ಎಷ್ಟು ಖರ್ಚು ಮಾಡಬೇಕು?

ಶೂಗೆ ಸ್ವಲ್ಪ, ಉಳಿದದ್ದಕ್ಕೆ ಕಮ್ಮಿ. ಶೂ ಕೊಳ್ಳಲು ಸಂಜೆ ಹೋಗಿ, ಆಗ ಪಾದ ಕೊಂಚ ಊದಿರುತ್ತದೆ. ಹೆಬ್ಬೆರಳಿನ ಮುಂದೆ ಒಂದು ಬೆರಳಿನ ಅಗಲ ಜಾಗ ಇರಲಿ. ಹಾಕಿಕೊಂಡ ತಕ್ಷಣ ಆರಾಮ ಅನ್ನಿಸಬೇಕು. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಎಂದು ಅಂಗಡಿಯವರು ಹೇಳಿದರೆ ಬೇರೆ ಜೊತೆ ಕೇಳಿ. ಹೆಣ್ಣುಮಕ್ಕಳು ಒಳ್ಳೆಯ ಸ್ಪೋರ್ಟ್ಸ್ ಬ್ರಾಗೆ ಹಣ ಹಾಕಲು ಹಿಂದೆಮುಂದೆ ನೋಡಬೇಡಿ. ಶೂನಷ್ಟೇ ಅದೂ ಮುಖ್ಯ. ಉಳಿದಂತೆ ಮನೆಯಲ್ಲಿರುವ ಟೀ ಶರ್ಟ್, ಪ್ಯಾಂಟ್ ಸಾಕು. ನಾನು ಮೊದಲ ವರ್ಷ ಪೂರ್ತಿ ಚೂಡಿದಾರದಲ್ಲೇ ಓಡಿದೆ.

ಓಡುವ ಮೊದಲು ಏನು ತಿನ್ನಬೇಕು?

ಅರ್ಧ ಗಂಟೆ ಓಟಕ್ಕೆ ಏನೂ ಬೇಡ. ಖಾಲಿ ಹೊಟ್ಟೆ ಆಗದವರು ಅರ್ಧ ಬಾಳೆಹಣ್ಣು ತಿನ್ನಿ. ಮಧುಮೇಹದ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಇದನ್ನು ಡಾಕ್ಟರ ಹತ್ತಿರವೇ ಕೇಳಿ. ಬಂದ ಮೇಲೆ ನೀರು, ಮಜ್ಜಿಗೆ, ರಾಗಿ ಅಂಬಲಿ, ಆಮೇಲೆ ಮನೆಯ ತಿಂಡಿ.

ಬೆಳಿಗ್ಗೆ ಕತ್ತಲಲ್ಲಿ ಒಬ್ಬಳೇ ಓಡೋಕೆ ಭಯ. ನಾಯಿಗಳೂ ಇವೆ.

ಭಯ ಸುಳ್ಳಲ್ಲ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಓಡಿದರೆ ಖುಷಿ ಎಲ್ಲಿಂದ ಬರಬೇಕು? ಹಾಗಾಗಿ ಬೆಳಕು ಹರಿದ ಮೇಲೆ, ಹಾಲು ಪೇಪರ್ ಹಾಕುವವರು, ವಾಕಿಂಗ್ ಮಾಡುವವರು ಇರುವ ದಾರಿಯಲ್ಲೇ ಓಡಿ. ಒಂದೇ ಬೀದಿಯಲ್ಲಿ ಹತ್ತು ಸಲ ಹೋಗಿ ಬಂದರೂ ಸರಿ. ಇಯರ್‌ಫೋನ್ ಬೇಡ, ಹಾಕಿಕೊಂಡರೂ ಒಂದೇ ಕಿವಿಗೆ. ರಸ್ತೆಯಲ್ಲಿ ಓಡುವುದಾದರೆ ಬಲಬದಿಯಲ್ಲಿ, ಎದುರು ಬರುವ ಗಾಡಿ ಕಾಣುವ ಹಾಗೆ.

ನಾಯಿ ಬೊಗಳಿಕೊಂಡು ಬಂದರೆ ಓಡಬೇಡಿ, ನಿಲ್ಲಿ. ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ಬೆನ್ನು ತೋರಿಸದೆ, ಮೆಲ್ಲಗೆ ಪಕ್ಕಕ್ಕೆ ನಡೆದು ದಾಟಿ. ಕಚ್ಚಿದರೆ, ಪರಚಿದರೂ ಸೇರಿ, ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳಿ.

ಎಲ್ಲ ಸರಿ, ಆದರೆ ಬೋರ್ ಆಗುತ್ತೆ. ಖುಷಿ ಬರೋದೇ ಇಲ್ಲ.

ಮೊದಲು ಪೇಸ್ ನೋಡಿ. ನನಗೆ ಗೊತ್ತಿರುವ ಹತ್ತು ಜನರಲ್ಲಿ ಎಂಟು ಜನಕ್ಕೆ ಖುಷಿ ಬರದಿದ್ದುದು ವೇಗ ಜಾಸ್ತಿ ಆಗಿದ್ದಕ್ಕೆ. ಉಸಿರಿಗೆ ಒದ್ದಾಡುವಾಗ ಯಾರಿಗೂ ಕೆರೆ ಕಾಣುವುದಿಲ್ಲ.

ಪೇಸ್ ಇಳಿಸಿದ ಮೇಲೆ ನನಗೆ ಕಂಡದ್ದನ್ನು ಹೇಳುತ್ತೇನೆ. ಕುಕ್ಕರಹಳ್ಳಿಯಲ್ಲಿ ಹೆಜ್ಜಾರ್ಲೆಗಳು ನೀರಿಗೆ ಇಳಿಯುವಾಗ ಕಾಲು ಮುಂದೆ ಚಾಚಿ, ನೀರಿನ ಮೇಲೆ ಎರಡು ಗೆರೆ ಎಳೆದುಕೊಂಡು ಜಾರುತ್ತವೆ. ನೀರುಕಾಗೆ ಒಣ ಕೊಂಬೆ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತದೆ. ಏರಿಯ ಒಂದು ತಿರುವಿನಲ್ಲಿ ಡಿಸೆಂಬರ್ ಬೆಳಿಗ್ಗೆ ಮಂಜು ಎಷ್ಟಿರುತ್ತದೆಂದರೆ, ಎದುರಿನವರ ಕೆಮ್ಮು ಮೊದಲು ಕೇಳಿಸುತ್ತದೆ, ಆಮೇಲೆ ಮನುಷ್ಯ ಕಾಣುತ್ತಾರೆ. ಇದೆಲ್ಲ ನನಗೆ ಮೊದಲ ತಿಂಗಳು ಕಂಡೇ ಇರಲಿಲ್ಲ. ನೋಡಿದ್ದು ಬರೀ ನೆಲ ಮತ್ತು ವಾಚು.

ನಿಮ್ಮೂರಲ್ಲಿ ಕೆರೆ ಇಲ್ಲದಿರಬಹುದು. ದಾರಿ ಬದಲಿಸಿ. ವಾರಕ್ಕೆ ಒಂದು ದಿನ ಗೊತ್ತಿಲ್ಲದ ಬೀದಿಗೆ ನುಗ್ಗಿ. ಒಂದು ದಿನ ವಾಚು ಮನೆಯಲ್ಲೇ ಬಿಡಿ. ನನಗೆ ಗುರುವಾರ ಅಂಥ ದಿನ. ಎಷ್ಟು ಓಡಿದೆ ಎಂದು ನನಗೂ ಗೊತ್ತಿರುವುದಿಲ್ಲ. ಓಟ ಮುಗಿದಾಗ ಏನಾದರೂ ಕಾದಿರಲಿ: ದರ್ಶಿನಿಯ ಒಂದು ಕಾಫಿ, ಮಾರ್ಕೆಟ್ಟಿನ ತಾಜಾ ಸೊಪ್ಪು, ಗೆಳತಿಯ ಜೊತೆ ಐದು ನಿಮಿಷ.

ಇಷ್ಟೆಲ್ಲ ಮಾಡಿ ಮೂರು ತಿಂಗಳಾದರೂ ಖುಷಿ ಬರದಿದ್ದರೆ ಸೈಕಲ್ ಹೊಡೆಯಿರಿ, ಈಜಿ, ಶಟಲ್ ಆಡಿ. ಓಟ ಎಲ್ಲರಿಗೂ ಹಿಡಿಸಲೇಬೇಕು ಅಂತೇನಿಲ್ಲ.

ವೇಗವಾಗಿ ಓಡುವ ಆಸೆ ಇದೆ. ಎಂದಿಗೂ ಓಡಬಾರದಾ?

ಓಡಬೇಕು! ವೇಗದಲ್ಲೂ ಒಂದು ಮಜಾ ಇದೆ, ಅದನ್ನು ಕಳೆದುಕೊಳ್ಳಬೇಡಿ. ನಿಲ್ಲದೆ ಮೂವತ್ತು ನಿಮಿಷ ಓಡಲು ಬಂದು, ಅದು ಒಂದೆರಡು ತಿಂಗಳು ನೆಲೆಯಾದ ಮೇಲೆ, ವಾರಕ್ಕೆ ಒಂದು ದಿನ ಲೈಟ್ ಕಂಬದ ಆಟ ಆಡಿ. ಹತ್ತು ನಿಮಿಷ ಮೆಲ್ಲಗೆ ಓಡಿದ ಮೇಲೆ ಒಂದು ಕಂಬದಿಂದ ಮುಂದಿನ ಕಂಬದವರೆಗೆ ಜೋರಾಗಿ, ಆಮೇಲೆ ಎರಡು ಮೂರು ಕಂಬ ನಿಧಾನವಾಗಿ. ಆರು ಸಲ ಸಾಕು. ಜೋರು ಅಂದರೆ ಹಲ್ಲು ಕಚ್ಚಿ ಓಡುವುದಲ್ಲ. ಬಸ್ಸು ಇನ್ನೂ ನಿಂತಿದೆ, ಸಿಕ್ಕೇ ಸಿಗುತ್ತೆ ಅನ್ನುವಾಗಿನ ಓಟ.

ಈ ತರಹದ ಆಟವನ್ನು 1930ರ ದಶಕದಲ್ಲಿ ಸ್ವೀಡನ್ನಿನ ಕೋಚ್ ಗೋಸ್ಟಾ ಹೋಲ್ಮೇರ್ ರೂಪಿಸಿದರು. ಅದಕ್ಕೆ ಅವರ ಭಾಷೆಯಲ್ಲಿ ಫಾರ್ಟ್ಲೆಕ್ ಅನ್ನುತ್ತಾರೆ. ಅರ್ಥ 'ವೇಗದ ಆಟ'. ಆಟ ಅನ್ನುವ ಮಾತು ಹೆಸರಿನಲ್ಲೇ ಇರುವುದು ನನಗೆ ತುಂಬಾ ಇಷ್ಟ.

ಒಂದು 10ಕೆ (10 ಕಿ.ಮೀ.) ರೇಸ್‌ಗೆ ಹೆಸರು ಕೊಡಲಾ?

ಕೊಡಿ. ಬೆಂಗಳೂರಿನ ವರ್ಲ್ಡ್ 10ಕೆ 2008ರಿಂದ ನಡೆಯುತ್ತಿದೆ. ಅದರಲ್ಲೇ ಮಜ್ಜಾ ರನ್ ಎಂಬ ಚಿಕ್ಕ ಓಟವೂ ಇದೆ. ಸಾವಿರಾರು ಜನರ ನಡುವೆ ಓಡುವ ಹುರುಪು ಬೇರೆಯೇ. ಆದರೆ ಮೊದಲ ರೇಸ್‌ಗೆ ಸಮಯದ ಗುರಿ ಇಟ್ಟುಕೊಳ್ಳಬೇಡಿ. ನಗುತ್ತಾ ಮುಗಿಸುವುದೇ ಗುರಿ ಇರಲಿ.

ಹೊರಡುವಾಗ ಜನ ಎಲ್ಲ ನುಗ್ಗುತ್ತಾರೆ, ನಿಮ್ಮ ಕಾಲೂ ಹಾರುತ್ತದೆ. ಆಗ ಮಗ್ಗಿ ಹೇಳಿ. ಮೊದಲ ಅರ್ಧ ತಡೆದು, ಎರಡನೇ ಅರ್ಧದಲ್ಲಿ ಬಿಡಿ. 2023ರಲ್ಲಿ ಶಿಕಾಗೋದಲ್ಲಿ ಕೀನ್ಯಾದ ಕೆಲ್ವಿನ್ ಕಿಪ್ಟಮ್ 2 ಗಂಟೆ 35 ಸೆಕೆಂಡಿನಲ್ಲಿ ಮ್ಯಾರಥಾನ್ ಮುಗಿಸಿ ವಿಶ್ವದಾಖಲೆ ಮಾಡಿದಾಗ ಮೊದಲ ಅರ್ಧಕ್ಕೆ 60 ನಿಮಿಷ 48 ಸೆಕೆಂಡು, ಎರಡನೇ ಅರ್ಧಕ್ಕೆ 59 ನಿಮಿಷ 47 ಸೆಕೆಂಡು ತೆಗೆದುಕೊಂಡಿದ್ದರು. ಅಂಥವರೇ ಮೊದಲರ್ಧ ಕೈಯಲ್ಲಿ ಸ್ವಲ್ಪ ಉಳಿಸಿಕೊಂಡಿದ್ದರು.

ನಿಲ್ಲದೆ 5 ಕಿ.ಮೀ. ಓಡಲು ಎಷ್ಟು ದಿನ ಬೇಕು?

ಜನಪ್ರಿಯವಾದ 'ಕೌಚ್ ಟು 5ಕೆ' ಯೋಜನೆ ಒಂಬತ್ತು ವಾರದ್ದು. ನನಗೆ ಹದಿನಾರು ವಾರ ಹಿಡಿಯಿತು, ಏಕೆಂದರೆ ಕೆಲವು ವಾರಗಳನ್ನು ಎರಡೆರಡು ಸಲ ಮಾಡಿದೆ. ಯಾವ ವಾರ ಕಷ್ಟ ಅನ್ನಿಸಿತೋ ಅದನ್ನೇ ಇನ್ನೊಮ್ಮೆ ಮಾಡಿ, ಮುಂದಿನದು ಎಲ್ಲಿಗೂ ಓಡಿಹೋಗುವುದಿಲ್ಲ.

ಮದುವೆ, ಜ್ವರ ಅಂತ ಮೂರು ವಾರ ತಪ್ಪಿಹೋಯಿತು. ಮತ್ತೆ ಮೊದಲಿಂದ ಶುರು ಮಾಡಬೇಕಾ?

ಪೂರ್ತಿ ಮೊದಲಿಂದ ಬೇಡ. ಒಂದು ವಾರ ತಪ್ಪಿದ್ದರೆ ಎಲ್ಲಿ ಬಿಟ್ಟಿರೋ ಅಲ್ಲಿಂದಲೇ ಹೊರಡಿ. ಮೂರು ವಾರವಾಗಿದ್ದರೆ ಬಿಟ್ಟಾಗ ಓಡುತ್ತಿದ್ದ ಹೊತ್ತಿನ ಅರ್ಧದಿಂದ ಶುರು ಮಾಡಿ, ನಡುವೆ ನಡಿಗೆ ಸೇರಿಸಿ. ತಪ್ಪಿದ ದಿನಗಳನ್ನು ಒಂದೇ ವಾರದಲ್ಲಿ ತುಂಬಿಸಲು ಹೋಗಬೇಡಿ.

ಜ್ವರ ಬಂದಿದ್ದರೆ ಪೂರ್ತಿ ಬಿಟ್ಟು, ಊಟ ಮೊದಲಿನಂತೆ ಸೇರಲು ಶುರುವಾಗುವವರೆಗೆ ಕಾಯಿರಿ. ಡೆಂಗ್ಯೂ, ಟೈಫಾಯಿಡ್ ಆಗಿದ್ದವರು ಡಾಕ್ಟರು ಸರಿ ಅಂದ ಮೇಲಷ್ಟೇ ಶೂ ಕಟ್ಟಿ. ಹೋದ ವರ್ಷ ನನಗೆ ಡೆಂಗ್ಯೂ ಬಂದು ಎರಡು ತಿಂಗಳು ಓಟ ನಿಂತಿತ್ತು. ಮತ್ತೆ ಹೋದ ದಿನ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಏಳು ಸಲ. ಏಳರ ಮಗ್ಗಿ ಹದಿನಾಲ್ಕಕ್ಕೇ ತುಂಡಾಯಿತು. ಹೆಜ್ಜಾರ್ಲೆಗಳು ಬಂದಿದ್ದವು.